ನೂರಕ್ಕೆ ಇಪ್ಪತ್ತೊಂಬತ್ತು

ಎರ್ರೆಮ್ಮ ಸುಖವಾಗಿದ್ದಾಳೆ ಎಂದು ಸರ್ಕಾರ ಮೂರು ಸಲ ಬರೆದುಕೊಂಡಿತು. ಮೂರು ಸಲವೂ ಅವಳನ್ನು ಎದುರಿಗೆ ನಿಲ್ಲಿಸಿಕೊಂಡೇ ಬರೆದುಕೊಂಡಿತು. ಕದ್ದುಮುಚ್ಚಿ ಏನೂ ಮಾಡಲಿಲ್ಲ.

ಮೊದಲನೇ ಸಲ ಬರೆದದ್ದು ತೊಂಬತ್ತೆಂಟನೇ ಇಸವಿಯ ಬೇಸಿಗೆಯಲ್ಲಿ. ಊರಿಗೆ ನೂರಿಪ್ಪತ್ತು ಸರ್ಕಾರಿ ಮನೆ ಮಂಜೂರಾಗಿದ್ದವು. ಯಾರಿಗೆ ಕೊಡಬೇಕು ಎಂಬುದನ್ನು ಕಣ್ಣಿನಿಂದ ನೋಡಿ ತೀರ್ಮಾನಿಸುವ ಕಾಲ ಹೋಗಿತ್ತು. ಈಗ ಲೆಕ್ಕದಿಂದ ತೀರ್ಮಾನಿಸಬೇಕಿತ್ತು. ಯಾವ ಓಣಿಯವರ ದುಡಿಮೆ ಎಷ್ಟು, ಅದರಲ್ಲಿ ಮನೆ ಬಾಡಿಗೆಗೆ ಎಷ್ಟು ಹೋಗುತ್ತದೆ ಎಂದು ಬರೆದುಕೊಂಡು ಬರಲು ಪ್ರವೀಣಕುಮಾರ್ ಎಂಬ ಸರ್ವೆ ಸಾಹೇಬನನ್ನು ಹಗರಿಬೊಮ್ಮನಹಳ್ಳಿಗೆ ಕಳಿಸಿದರು. ದಾವಣಗೆರೆ ಕಡೆಯ ಹುಡುಗ. ಕೊರಳಲ್ಲಿ ಗುರುತಿನ ಚೀಟಿ, ಕಂಕುಳಲ್ಲಿ ರಟ್ಟಿನ ಹಲಗೆ, ಕಿಸೆಯಲ್ಲಿ ಕ್ಯಾಲ್ಕುಲೇಟರು. ಕೆಟ್ಟವನಲ್ಲ. ಕೆಟ್ಟವನಾಗಿದ್ದರೆ ಬೈದು ಕಳಿಸಬಹುದಿತ್ತು.

ರೈಲು ಹಳಿಯ ಆಚೆ ಒಂದೇ ಸಾಲಿನಲ್ಲಿ ಮೂವತ್ತೊಂದು ಗುಡಿಸಲು. ಸಾಲಿನ ಮೊದಲನೆಯದು ಎರ್ರೆಮ್ಮನದು.

"ತಿಂಗಳಿಗೆ ದುಡಿಮೆ ಎಷ್ಟಮ್ಮ?"

"ಮಾರ್ಕೆಟ್ ಯಾರ್ಡಿನಾಗ ಶೇಂಗಾ ಜರಡಿ ಹಿಡೀತೀನ್ರಿ. ದಿನಕ್ಕ ನಲವತ್ತು. ತಿಂಗಳಿಗೆ ಒಂದು ಸಾವಿರ ಅನ್ರಿ, ಬೆನ್ನು ನೆಟ್ಟಗಿದ್ರ."

"ಬೆನ್ನಿಗೆ ಕಾಲಂ ಇಲ್ಲ. ಸಾವಿರ. ಬಾಡಿಗೆ ಎಷ್ಟು?"

"ಯಾವುದಕ್ಕ?"

"ಈ ಮನೆಗೆ."

ಎರ್ರೆಮ್ಮ ತಿರುಗಿ ತನ್ನ ಮನೆಯನ್ನು ನೋಡಿದಳು. ನಾಲ್ಕು ಗಳ, ಎರಡು ತಗಡು, ಉಳಿದದ್ದೆಲ್ಲ ಗೊಬ್ಬರದ ಚೀಲ. ಒಳಗೆ ಹೋಗಬೇಕಾದರೆ ಸೊಂಟ ಮುರಿದು ಬಗ್ಗಬೇಕು. ಹೋದ ಮಳೆಗಾಲದಲ್ಲಿ ಅವಳ ಮಗಳು ಮಂಜಮ್ಮ ಚೊಚ್ಚಲ ಬಾಣಂತನಕ್ಕೆ ಚಿಗಟೇರಿಯ ಗಂಡನ ಮನೆಯಿಂದ ಇಲ್ಲಿಗೇ ಬಂದಿದ್ದಳು. ಮಳೆ ಹಿಡಿದುಕೊಂಡಿತು. ಹಳಿಯ ಮೇಲಿನ ನೀರೆಲ್ಲ ಒಳಗೆ ಬಂತು. ತಾಯಿ ಮಗಳು ಇಬ್ಬರೂ ಎರಡು ದಿನ ಸರದಿಯ ಮೇಲೆ ಮಗುವನ್ನು ಎತ್ತಿ ಹಿಡಿದುಕೊಂಡು ನಿಂತರು. ನಿಂತದ್ದೂ ಬಗ್ಗಿಕೊಂಡೇ. ಒಂಬತ್ತನೇ ದಿನ ಮಗು ತಣ್ಣಗಾಯಿತು. ಈಗ ಮಂಜಮ್ಮ ಮತ್ತೆ ಬಸುರಿ. "ಈ ಸಲ ನೆಲ ಒಣಗಿದ್ದ ಮನಿ ಇದ್ರಷ್ಟ ಕಳಸ್ತೀವಿ" ಎಂದು ಬೀಗರು ಹೇಳಿ ಕಳಿಸಿದ್ದರು. ಅವರ ಮಾತಿನಲ್ಲಿ ತಪ್ಪಿರಲಿಲ್ಲ. ತಪ್ಪಿಲ್ಲದ ಮಾತು ಇನ್ನೂ ಹೆಚ್ಚು ಚುಚ್ಚುತ್ತದೆ. ಎರ್ರೆಮ್ಮನಿಗೆ ಬೇಕಾದದ್ದು ಒಂದೇ, ಮಳೆಗಾಲದೊಳಗೆ ಮಗಳ ಬಾಣಂತನಕ್ಕೊಂದು ಮನೆ.

"ಇದಕ್ಕ ಯಾರ್ರಿ ಬಾಡಿಗಿ ಕೇಳ್ತಾರ? ಕೇಳಿದ್ರ ಯಾರು ಕೊಡ್ತಾರ?" ಎಂದಳು.

ಪ್ರವೀಣಕುಮಾರ್ ಬಾಡಿಗೆಯ ಜಾಗದಲ್ಲಿ ಸೊನ್ನೆ ಬರೆದ. ಸೊನ್ನೆಯನ್ನು ಸಾವಿರದಿಂದ ಭಾಗಿಸಿದ. ಕ್ಯಾಲ್ಕುಲೇಟರಿನಲ್ಲಿ ಬಂದದ್ದನ್ನು ನೋಡಿ ಅವನ ಮುಖ ಅರಳಿತು.

"ನೋಡಮ್ಮ, ದುಡಿಮೆಯಲ್ಲಿ ನೂರಕ್ಕೆ ಮೂವತ್ತಕ್ಕಿಂತ ಹೆಚ್ಚು ಬಾಡಿಗೆಗೆ ಹೋದರೆ ಅವರು ಕಷ್ಟದಲ್ಲಿದ್ದಾರೆ ಅಂತ ಲೆಕ್ಕ. ಅದಕ್ಕಿಂತ ಕಡಿಮೆ ಇದ್ದರೆ ಸುಖ. ನಿಮ್ಮದು ಸೊನ್ನೆ. ಇಡೀ ಊರಲ್ಲಿ ಇಷ್ಟು ಸುಖವಾಗಿರೋ ಓಣಿ ಇನ್ನೊಂದಿಲ್ಲ."

ಹೇಳಿ, ಎರಡನೇ ಗುಡಿಸಲಿನ ಜೋಗಮ್ಮನನ್ನು ಸುಖಪಡಿಸಲು ಮುಂದೆ ಹೋದ.

ಹದಿನೈದು ದಿನಕ್ಕೆ ಪಂಚಾಯಿತಿ ಕಚೇರಿಯ ಗೋಡೆಗೆ ಪಟ್ಟಿ ಅಂಟಿಸಿದರು. ಬಸ್ ಸ್ಟ್ಯಾಂಡಿನಲ್ಲಿ ಹಮಾಲಿ ಮಾಡುವ ಹುಲುಗೇಶ್ ಕೇರಿಯಲ್ಲಿ ಎಸ್ಸೆಸ್ಸೆಲ್ಸಿ ಮುಟ್ಟಿದ ಒಬ್ಬನೇ ಗಂಡಸು. ಅವನು ಓದಿ ಹೇಳಿದ. ಕೇರಿಯ ಮೂವತ್ತೊಂದು ಹೆಸರಿನ ಮೇಲೂ ಕೆಂಪು ಗೆರೆ. ಪಕ್ಕದಲ್ಲಿ 'ಬಾಡಿಗೆ ಹೊರೆ ಇಲ್ಲ' ಎಂಬ ಷರಾ. ಮನೆ ಸಿಕ್ಕವರಲ್ಲಿ ಮೊದಲ ಹೆಸರು ಕೊಟ್ರಸ್ವಾಮಿಯದು. ಆ ಕೊಟ್ರಸ್ವಾಮಿ ದಲ್ಲಾಳಿ ಅಂಗಡಿಯ ಗುರುಸಂಗಪ್ಪನ ಅಣ್ಣನ ಮಗ. ಎರ್ರೆಮ್ಮ ಜರಡಿ ಹಿಡಿಯುವುದು ಇದೇ ಗುರುಸಂಗಪ್ಪನ ಕಟ್ಟೆಯ ಮೇಲೆ. ಕೊಟ್ರಸ್ವಾಮಿ ಹುಟ್ಟಿದಾಗಿನಿಂದ ಚಿಕ್ಕಪ್ಪನ ಮನೆಯಲ್ಲೇ ಉಂಡು ಮಲಗುವವನು. ಕಾಗದದಲ್ಲಿ ಮಾತ್ರ ಚಿಕ್ಕಮ್ಮ ಕಲ್ಯಾಣಮ್ಮನಿಗೆ ತಿಂಗಳಿಗೆ ಎಂಟುನೂರು ಬಾಡಿಗೆ ಕೊಡುತ್ತಿದ್ದ. ನೂರಕ್ಕೆ ನಲವತ್ತು. ಬಹಳ ಕಷ್ಟ.

ಎರ್ರೆಮ್ಮ ಮರುದಿನ ಜರಡಿ ಹಿಡಿದಳು. ಶೇಂಗಾ ದೂಳು ಮೂಗಿಗೆ, ಗಂಟಲಿಗೆ, ಕಣ್ಣಿನ ರೆಪ್ಪೆಗೆ ಕೂತಿತು. ಸಂಜೆಗೆ ಕೇರಿಗೆ ಬಂದು ಕೈಕಾಲು ತೊಳೆಯದೇ ಹೇಳಿದಳು.

"ಅವರು ಅವರಿಗೆ ಬಾಡಿಗಿ ಕೊಟ್ಟಂಗ ನಾವು ನಮಗ ಕೊಡೋಣು. ಯಾರಪ್ಪನ ಗಂಟು ಹೋಗತೈತಿ?"

ಕೇರಿ ಮೊದಲು ನಕ್ಕಿತು. ಆಮೇಲೆ ಕೂತು ಲೆಕ್ಕ ಹಾಕಿತು. ಸಾವಿರದ ದುಡಿಮೆಗೆ ಮುನ್ನೂರೈವತ್ತು ಬಾಡಿಗೆ ಕೊಟ್ಟರೆ ನೂರಕ್ಕೆ ಮೂವತ್ತೈದು. ಕಷ್ಟ ಬರುತ್ತದೆ. ಹೆಂಗಸರ ಚೀಟಿ ಹಣ ಎರ್ರೆಮ್ಮನ ಹತ್ತಿರ ಇತ್ತು, ಸರಿಯಾಗಿ ಮುನ್ನೂರೈವತ್ತು. ಆದರೆ ಬಾಡಿಗೆ ಕೊಡಬೇಕಾದರೆ ಇನ್ನೊಬ್ಬರ ಮನೆಯಲ್ಲಿ ಇರಬೇಕು. ಸಾಹೇಬ ಒಳಗೆ ಇಣುಕಿ ಪಾತ್ರೆ ಯಾರದು ಎಂದು ಕೇಳಿದರೆ? ಹಾಗಾಗಿ ಒಂದು ಅಮಾವಾಸ್ಯೆಯ ಮುಂಜಾನೆ, ಯಾರ್ಡಿಗೆ ರಜೆ ಇದ್ದಾಗ, ಇಡೀ ಕೇರಿ ಒಂದೊಂದು ಗುಡಿಸಲು ಮುಂದಕ್ಕೆ ಸರಿಯಿತು. ಎರ್ರೆಮ್ಮ ತನ್ನ ಕೊಡ, ಚಾಪೆ, ಬೀಸುಕಲ್ಲು ಹೊತ್ತು ಜೋಗಮ್ಮನ ಗುಡಿಸಲಿಗೆ ಹೋದಳು. ಜೋಗಮ್ಮ ಮೂರನೆಯದಕ್ಕೆ. ಹೀಗೆ ಸಾಗಿ, ಕೊನೆಯ ಗುಡಿಸಲಿನ ಮುದುಕ ದುರುಗಪ್ಪ ತನ್ನ ಮಂಚವನ್ನು ಬೆನ್ನ ಮೇಲೆ ಕವುಚಿಕೊಂಡು, ಸಾಲು ಪೂರ್ತಿ ನಡೆದುಬಂದು ಎರ್ರೆಮ್ಮನ ಗುಡಿಸಲು ಸೇರಿದ.

ಹಾಲು ಉಕ್ಕಿಸದೆ ಒಲೆ ಹಚ್ಚಕೂಡದು ಎಂದು ಜೋಗಮ್ಮ ಪಟ್ಟು ಹಿಡಿದಳು. ಸುಳ್ಳು ಬಾಡಿಗೆಯಾದರೇನು, ಹೊಸ ಮನೆಗೆ ಹೋದದ್ದು ಹೌದಲ್ಲ? ಒಂದು ಲೀಟರ್ ಹಾಲು ತಂದು ಮೂವತ್ತೊಂದು ಒಲೆಗೆ ಹಂಚಿದರು. ಉಕ್ಕಿದ್ದೆಲ್ಲ ನೀರೇ.

ಮೂರು ನೂರರ ನೋಟು, ಒಂದು ಐವತ್ತರ ನೋಟು ಎರ್ರೆಮ್ಮನ ಕೈಯಿಂದ ಜೋಗಮ್ಮನ ಕೈಗೆ ಹೊರಟವು. ಗುಡಿಸಲಿಂದ ಗುಡಿಸಲಿಗೆ ನಡೆದವು. ಪ್ರತಿ ಬಾಗಿಲಿಗೂ ಹುಲುಗೇಶ್ ಒಂದು ರಶೀದಿ ಬರೆದ, ಹೆಬ್ಬೆಟ್ಟು ಒತ್ತಿಸಿದ. ಸಂಜೆಗೆ ದುರುಗಪ್ಪ ಅವೇ ನೋಟುಗಳನ್ನು ತಂದು ಎರ್ರೆಮ್ಮನ ಕೈಗಿಟ್ಟ. ಬೆವರಿಗೆ ಸ್ವಲ್ಪ ಮೆತ್ತಗಾಗಿದ್ದವು, ಅಷ್ಟೆ.

ಒಂದು ತಮಾಷೆ ಮಾತ್ರ ಯಾರೂ ಎಣಿಸಿರಲಿಲ್ಲ. ಮೂವತ್ತು ವರ್ಷ ಎರ್ರೆಮ್ಮನನ್ನು 'ಲೇ ಎರ್ರಿ' ಎನ್ನುತ್ತಿದ್ದ ಜೋಗಮ್ಮ ಮಾರನೇ ದಿನವೇ ಬಂದು ನಿಂತಳು.

"ನೋಡ್ರಿ, ನಮ್ಮ ಮನಿ ಗಳಕ್ಕ ಮೊಳಿ ಹೊಡೀಬ್ಯಾಡ್ರಿ. ಮತ್ತ ಒಲಿ ಹೊಗಿ ಭಾಳ ಮಾಡ್ತೀರಿ."

"ಆತ್ರಿ ಮಾಲಕ್ರ," ಎಂದಳು ಎರ್ರೆಮ್ಮ.

ಅಷ್ಟರಲ್ಲಿ ಅತ್ತ ಕಡೆಯಿಂದ ದುರುಗಪ್ಪ ಬಂದ. "ಮಾಲಕ್ರ, ನಿಮ್ಮ ಮನಿ ತಗಡು ತೂತು ಬಿದ್ದೈತಿ. ರಿಪೇರಿ ಮಾಡಿಸಿ ಕೊಡ್ರಿ. ಬಾಡಿಗಿ ಪುಕ್ಕಟೆ ಕೊಡಾಂಗಿಲ್ಲ ನಾವು."

"ಬಂದು ಒಂದಿನ ಆಗಿಲ್ಲ, ಏನ್ ಜಬರು ಮಾಡ್ತೀರ್ರಿ! ಬ್ಯಾಡಾದ್ರ ಮನಿ ಖಾಲಿ ಮಾಡ್ರಿ!"

ಕೇರಿ ಎಂಟು ದಿನ ಹೊಟ್ಟೆ ಹಿಡಿದುಕೊಂಡು ನಕ್ಕಿತು. ನಗುವಿನ ಒಳಗೆ ಇನ್ನೊಂದು ಇತ್ತು. ಅವರನ್ನು ಹುಟ್ಟಿದಾಗಿನಿಂದ ಯಾರೂ ಮಾಲೀಕರೆ ಎಂದು ಕರೆದಿರಲಿಲ್ಲ. ಸುಳ್ಳಿಗಾದರೂ ಕೇಳಲು ಹಿತವಾಗಿತ್ತು.

ಸುದ್ದಿ ಯಾರ್ಡಿಗೂ ಮುಟ್ಟಿತು. ಜರಡಿ ಹಿಡಿಯುವ ಹೆಂಗಸರು ಸಂಜೆ ಕಟ್ಟೆ ಗುಡಿಸಿ, ಒಡೆದ ಶೇಂಗಾ ಒಂದು ಸೆರಗು ಒಯ್ಯುವುದು ಹಿಂದಿನಿಂದ ನಡೆದುಬಂದದ್ದು. ಎರ್ರೆಮ್ಮ ಸೆರಗು ಒಡ್ಡಿದಾಗ ಗುರುಸಂಗಪ್ಪ ತಕ್ಕಡಿಯ ಹಿಂದಿನಿಂದ ಎದ್ದು ಬಂದ.

"ಈಗ ನೀನೂ ಮನಿ ಮಾಲಕಳಂತಲ್ಲಬೇ! ಬಾಡಿಗಿ ಬರತೈತಿ. ನಿನಗ್ಯಾಕ ಒಡಕು ಶೇಂಗಾ? ಕೊಡವು ಸೆರಗು."

ಎರ್ರೆಮ್ಮ ಸೆರಗು ಕೊಡವಿದಳು. ಕಾಳು ಅವನ ಕಾಲ ಬಳಿ ಬಿದ್ದವು. ಅವನು ಅವನ್ನು ಆರಿಸಿ ರಾಶಿಗೆ ಹಾಕು ಎಂದ. ಅವಳು ಬಗ್ಗಿ ಒಂದೊಂದೇ ಆರಿಸಿ ಹಾಕಿದಳು. ಸುತ್ತ ಹಮಾಲರು ನೋಡುತ್ತ ನಿಂತಿದ್ದರು. ಮನೆ ಸಿಗಲಿ, ಆಮೇಲೆ ನೋಡೋಣ ಎಂದು ಹಲ್ಲು ಕಚ್ಚಿಕೊಂಡು ಬಂದಳು.

ಕೇರಿಯವರು ಮೇಲರ್ಜಿ ಕೊಟ್ಟದ್ದಕ್ಕೆ ಪ್ರವೀಣಕುಮಾರ್ ಎರಡನೇ ಸಲ ಬಂದ. ಜೋಗಮ್ಮನ ಗುಡಿಸಲಿನ ಮುಂದೆ ಎರ್ರೆಮ್ಮ ರಶೀದಿ ಹಿಡಿದು ನಿಂತಳು. ಕೇರಿಯೆಲ್ಲ ಸುತ್ತ ನೆರೆಯಿತು.

"ದುಡಿಮೆ ಸಾವಿರ, ಬಾಡಿಗೆ ಮುನ್ನೂರೈವತ್ತು. ನೂರಕ್ಕೆ ಮೂವತ್ತೈದು! ಛೆ ಛೆ, ಎಂಥಾ ಕಷ್ಟ," ಎಂದ. ಅವನ ದನಿಯಲ್ಲಿ ನಿಜವಾದ ಮರುಕ ಇತ್ತು. ಜೋಗಮ್ಮ ಸೆರಗಿನಿಂದ ಕಣ್ಣು ಬೇರೆ ಒರೆಸಿಕೊಂಡಳು. ಆಮೇಲೆ ಅವನು ರಶೀದಿಗಳನ್ನು ಒಂದೊಂದಾಗಿ ತಿರುವಿದ.

"ಈ ದುರುಗಪ್ಪನಿಂದ ಬಾಡಿಗೆ ತಗೊಂಡಿರೋದು ಯಾರು?"

"ನಾನ್ರಿ," ಎಂದಳು ಎರ್ರೆಮ್ಮ.

"ಹಾಗಾದ್ರೆ ಅದು ನಿಮ್ಮ ಆದಾಯ ಆಯ್ತಲ್ಲ. ಸಾವಿರಕ್ಕೆ ಮುನ್ನೂರೈವತ್ತು ಕೂಡಿಸಿ. ಸಾವಿರದ ಮುನ್ನೂರೈವತ್ತು." ಕ್ಯಾಲ್ಕುಲೇಟರು ಒತ್ತಿದ. "ನೂರಕ್ಕೆ ಇಪ್ಪತ್ತೈದು ಚಿಲ್ಲರೆ. ಮೂವತ್ತರ ಒಳಗೆ. ಸುಖ."

"ಸಾಹೇಬ್ರ, ಅದು ಒಂದ ರೊಕ್ಕರಿ! ಮುಂಜಾನಿ ನನ್ನ ಕೈಯಾಗಿಂದ ಹೋಗಿ ಸಂಜಿಗೆ ನನ್ನ ಕೈಗೆ ಬಂದೈತಿ. ಯಾರಿಗೂ ಏನೂ ಹುಟ್ಟಿಲ್ಲ."

"ರೊಕ್ಕ ಅಂದ್ರೆ ಹಾಗೇ ಅಲ್ವೇನಮ್ಮ, ತಿರುಗ್ತಾ ಇರುತ್ತೆ." ಅವನು ಹಲಗೆಯ ಮೇಲೆ ಬರೆಯುತ್ತಲೇ ಇದ್ದ. "ಒಂದೇ ತಿಂಗಳಲ್ಲಿ ನಿಮ್ಮ ಓಣಿಯ ಆದಾಯ ನೂರಕ್ಕೆ ಮೂವತ್ತೈದು ಏರಿದೆ. ಇಂಥಾ ಪ್ರಗತಿ ನಾನು ಜಿಲ್ಲೆಯಲ್ಲೇ ಕಂಡಿಲ್ಲ. ಅದೂ ಅಲ್ಲದೆ ನೀವೆಲ್ಲ ಈಗ ಮನೆ ಮಾಲೀಕರು. ಸುಖವಾಗಿರೋ ಮಾಲೀಕರಿಗೆ ಸರ್ಕಾರಿ ಮನೆ ಬರೋದಿಲ್ಲ."

ಬಾಡಿಗೆ ಇಲ್ಲದಿದ್ದಾಗ ಬಾಡಿಗೆ ಇಲ್ಲ ಎಂದು ಮನೆ ಇಲ್ಲ. ಬಾಡಿಗೆ ಬಂದಾಗ ಬಾಡಿಗೆ ಬಂತು ಎಂದು ಮನೆ ಇಲ್ಲ. ಹುಲುಗೇಶ್ ತಲೆ ಕೆರೆದುಕೊಂಡ. ದುರುಗಪ್ಪ ನೆಲಕ್ಕೆ ಉಗುಳಿದ.

ಪ್ರವೀಣಕುಮಾರನಿಗೆ ಅವರ ಮುಖ ನೋಡಿ ಏನಾದರೂ ಒಳ್ಳೆಯದು ಹೇಳಬೇಕೆನಿಸಿತು. ಹಲಗೆಯ ಅಡಿಯಿಂದ ಇನ್ನೊಂದು ಕಾಗದ ತೆಗೆದ.

"ಬೇಜಾರಾಗಬೇಡಿ. ನಿಮ್ಮ ಆದಾಯಕ್ಕೆ ನಾನೂರೈದರ ತನಕ ಬಾಡಿಗೆ ಎಟುಕುತ್ತೆ. ಪೇಟೆ ಓಣಿಯಲ್ಲಿ ಸರಾಸರಿ ಬಾಡಿಗೆ ಬರೀ ಮುನ್ನೂರೆಂಬತ್ತು. ಗುರುಸಂಗಪ್ಪನವರ ಸಾಲು ಮನೆಯಲ್ಲಿ ನಾಲ್ಕು ಖಾಲಿ ಇವೆ. ಗಾರೆ ನೆಲ, ನಲ್ಲಿ ನೀರು." ನಂತರ, ಜಗತ್ತಿನಲ್ಲಿ ಯಾರಿಗೂ ತೋಚದ ಪ್ರಶ್ನೆಯನ್ನು ಅವನು ಬಹಳ ಸಹಜವಾಗಿ ಕೇಳಿದ. "ಅದನ್ನ ಬಿಟ್ಟು ನೀವು ಇಲ್ಲಿ ಯಾಕಿದೀರಿ?"

ಎರ್ರೆಮ್ಮ ಅವನ ಮುಖವನ್ನು ಒಂದು ಗಳಿಗೆ ನೋಡಿದಳು. ಅವನು ಗೇಲಿ ಮಾಡುತ್ತಿರಲಿಲ್ಲ. ಅವನಿಗೆ ನಿಜಕ್ಕೂ ತಿಳಿಯಬೇಕಿತ್ತು. ಇಲ್ಲವೇ ಚೆನ್ನಾಗಿ ತಿಳಿದಿತ್ತು, ಕಾಲಂ ಇಲ್ಲದ್ದಕ್ಕೆ ಮರೆತಿದ್ದ.

"ನಡೀರಿ ಹಂಗಾದ್ರ," ಎಂದಳು. "ನೀವೂ ಬರ್ರಿ. ಆ ಹಲಗಿ ತಗೊಂಡು ಬರ್ರಿ."

ಒಳಗೆ ಹೋಗಿ ಚಾಪೆ ಸುತ್ತಿ ಕಂಕುಳಲ್ಲಿಟ್ಟಳು. ಕೊಡವನ್ನು ಸೊಂಟಕ್ಕೇರಿಸಿದಳು.

"ಅದ್ಯಾಕಬೇ?" ಎಂದಳು ಜೋಗಮ್ಮ.

"ಬಾಡಿಗಿ ಮನಿಗೆ ಹೋಗೋರು ಕೈಬೀಸ್ಕೊಂಡು ಹೋಗ್ತಾರೇನು?"

ಜೋಗಮ್ಮನೂ ತನ್ನ ಚಾಪೆ ಸುತ್ತಿದಳು. ಅವಳನ್ನು ನೋಡಿ ಉಳಿದವರೂ ಸುತ್ತಿದರು. ಮಟಮಟ ಮಧ್ಯಾಹ್ನ, ಮುಂದೆ ಎರ್ರೆಮ್ಮ, ಪಕ್ಕದಲ್ಲಿ ಹಲಗೆ ಹಿಡಿದ ಸಾಹೇಬ, ಹಿಂದೆ ಕೊಡ ಚಾಪೆಗಳ ಮಂದಿ, ಹಳಿ ದಾಟಿ ಪೇಟೆ ಓಣಿಗೆ ಬಂದರು. ಅಂಗಡಿಯವರು ಎದ್ದು ನಿಂತು ನೋಡಿದರು.

ಗುರುಸಂಗಪ್ಪನ ಮನೆಗೆ ಹೊಂದಿಕೊಂಡೇ ಆರು ಮನೆಗಳ ಸಾಲು. ಗೋಡೆಯ ಮೇಲೆ 'ಮನೆ ಬಾಡಿಗೆಗೆ ಇದೆ' ಎಂಬ ತಗಡಿನ ಬೋರ್ಡು. ಗುರುಸಂಗಪ್ಪ ಕಟ್ಟೆಯ ಮೇಲೆ ಎಲೆ ಅಡಿಕೆ ಹಾಕಿಕೊಂಡು ಕೂತಿದ್ದ.

"ಏನಬೇ ಎರ್ರಿ, ದಂಡು ಕಟ್ಟಿಕೊಂಡು ಬಂದಿ?"

"ಬಾಡಿಗಿ ಮನಿ ಕೇಳಾಕ ಬಂದೀನ್ರಿ ಸಾವ್ಕಾರ್ರ."

"ಯಾರಿಗೆ?"

"ನನಗರಿ. ಮಗಳ ಬಾಣಂತನ ಐತಿ."

ಗುರುಸಂಗಪ್ಪ ನಕ್ಕ. ಬೇರೆ ಯಾರೂ ನಗಲಿಲ್ಲ. ಸಾಹೇಬನೂ ನಗಲಿಲ್ಲ. "ಲೆಕ್ಕದ ಪ್ರಕಾರ ಇವರಿಗೆ ಎಟುಕುತ್ತೆ ಸಾರ್," ಎಂದ.

"ಮನಿ ಖಾಲಿ ಇಲ್ಲರಿ."

"ಮೊನ್ನೆ ನಾಲ್ಕು ಖಾಲಿ ಅಂತ ನೀವೇ ಸಹಿ ಹಾಕಿದೀರಿ ಸಾರ್. ಬಾಡಿಗೆ ಮುನ್ನೂರೆಂಬತ್ತು ಅಂತ ಹೇಳಿದೀರಿ."

"ಅದು ಬ್ಯಾರೇದವ್ರಿಗೆ."

"ಇವರಿಗೆ?" ಪ್ರವೀಣಕುಮಾರ್ ಪೆನ್ನಿನ ಮುಚ್ಚಳ ತೆಗೆದ.

ಗುರುಸಂಗಪ್ಪನ ಬಾಯಿಗೆ ಒಂದು ಮಾತು ಬಂತು. ಬಂದದ್ದು ಎಲ್ಲರಿಗೂ ಕಂಡಿತು. ಆ ಮಾತನ್ನು ಯಾರ್ಡಿನಲ್ಲಿ ದಿನಕ್ಕೆ ಹತ್ತು ಸಲ ಆಡುತ್ತಿದ್ದವನು. ಈಗ ಎದುರಿಗೆ ಸರ್ಕಾರದ ಕಾಗದ, ತೆರೆದ ಪೆನ್ನು. ಆಡಿದರೆ ಕೇಸು. ಅವನು ಮಾತನ್ನು ಎಲೆಯ ರಸದ ಜೊತೆ ನುಂಗಿದ. ಬಾಗಿಲ ಹಿಂದಿನಿಂದ ಹೆಂಡತಿ ಕಲ್ಯಾಣಮ್ಮನ ದನಿ ಬಂತು.

"ನಾಕು ಸಾವಿರ ಅನ್ರಿ."

"ನಾಕು ಸಾವಿರ," ಎಂದ ಗುರುಸಂಗಪ್ಪ. ಅವನ ಮುಖ ನಿರಾಳವಾಯಿತು. ಇಲ್ಲ ಎಂದಹಾಗೂ ಆಗಲಿಲ್ಲ, ಕೊಟ್ಟಹಾಗೂ ಆಗಲಿಲ್ಲ.

ಮಾಲೀಕರು ಹೇಳಿದ್ದನ್ನು ಬರೆಯುವುದು ನಿಯಮ. ಸಾಹೇಬ ಎರ್ರೆಮ್ಮನ ಬಾಡಿಗೆಯ ಜಾಗದಲ್ಲಿ ನಾಲ್ಕು ಸಾವಿರ ಎಂದು ಬರೆದ. ಕ್ಯಾಲ್ಕುಲೇಟರು ಒತ್ತಿದ. ಅವನ ಹೆಗಲ ಮೇಲಿಂದ ಇಣುಕಿದ್ದ ಹುಲುಗೇಶ್ ಕೂಗಿಕೊಂಡ.

"ಇನ್ನೂರಾ ತೊಂಬತ್ತಾರು! ನೂರಕ್ಕ ಇನ್ನೂರಾ ತೊಂಬತ್ತಾರು!"

"ಮೂವತ್ತಕ್ಕಿಂತ ಹೆಚ್ಚು ಹೌದಲ್ಲ?" ಎಂದಳು ಎರ್ರೆಮ್ಮ.

"ಅಷ್ಟಲ್ಲ ಯವ್ವ, ಊರಿಗೇ ಇಲ್ಲದ ಕಷ್ಟ ನಿನ್ನದು!"

ಕೇರಿ ಕೇಕೆ ಹಾಕಿತು. ಜೋಗಮ್ಮ ಕೊಡದ ಮೇಲೆ ತಾಳ ಹಾಕಿದಳು. ಗುರುಸಂಗಪ್ಪನ ಬಾಯಿಂದಲೇ ಸರ್ಕಾರಿ ಮನೆ ಬಂತು ಎಂದು ದುರುಗಪ್ಪ ಕೈಮುಗಿದ. ಎರ್ರೆಮ್ಮನ ಎದೆ ಒಂದು ಸಲ ಹಗುರಾಯಿತು. ಚಿಗಟೇರಿಗೆ ಯಾರ ಕೈಯಲ್ಲಿ ಹೇಳಿ ಕಳಿಸಲಿ ಎಂದು ಆಗಲೇ ಲೆಕ್ಕ ಹಾಕುತ್ತಿದ್ದಳು.

ಸಾಹೇಬನ ಪೆನ್ನು ನಿಂತುಬಿಟ್ಟಿತ್ತು. ನೂರಕ್ಕೆ ಎಷ್ಟು ಎಂದು ಬರೆಯುವ ಕಡೆ ಎರಡೇ ಚೌಕ ಇದ್ದವು. ಅವನು ಮೊದಲ ಚೌಕದಲ್ಲಿ ಎರಡು ಬರೆದ. ಮುಂದಿನದರಲ್ಲಿ ಒಂಬತ್ತು ಬರೆದ. ಅಲ್ಲಿಗೆ ಕಾಗದದ ಗೆರೆ ಬಂತು.

"ಆರು ಎಲ್ಲಿ?" ಎಂದ ಹುಲುಗೇಶ್.

"ಜಾಗ ಇಲ್ಲ."

"ಪಕ್ಕದಾಗ ಬರೀರಿ."

"ಪಕ್ಕದಲ್ಲಿ ಬರೆದರೆ ಕಂಪ್ಯೂಟರು ಓದೋದಿಲ್ಲ."

"ಹಂಗಾದ್ರ ತೊಂಬತ್ತೊಂಬತ್ತರ ಬರೀರಿ!"

"ಅದು ಸುಳ್ಳಾಗುತ್ತಲ್ಲಪ್ಪ. ಸರ್ಕಾರಿ ಕಾಗದದಲ್ಲಿ ಸುಳ್ಳು ಬರೆಯೋಕಾಗುತ್ತಾ?" ಪ್ರವೀಣಕುಮಾರ್ ತಲೆ ಎತ್ತಲಿಲ್ಲ. "ಇಪ್ಪತ್ತೊಂಬತ್ತು. ಮೂವತ್ತರ ಒಳಗೆ."

"ಅಂದ್ರ?" ಎಂದಳು ಎರ್ರೆಮ್ಮ.

"ಸುಖ."

ಎರ್ರೆಮ್ಮನಿಗೆ ಅಳು ಬರಲಿಲ್ಲ. ಸಿಟ್ಟು ಬಂತು. ಎಷ್ಟೋ ವರ್ಷದಿಂದ ಹೊಟ್ಟೆಯೊಳಗೆ ಅದುಮಿಟ್ಟದ್ದು ಒಟ್ಟಿಗೇ ಬಂತು. ಜರಡಿ ಹಿಡಿಯಲು ಬಗ್ಗಿದ್ದಳು. ಗುಡಿಸಲು ಹೊಗಲು ಬಗ್ಗಿದ್ದಳು. ಈ ಮನುಷ್ಯನ ಕಾಲ ಬಳಿ ಒಡಕು ಶೇಂಗಾ ಆರಿಸಲು ಬಗ್ಗಿದ್ದಳು. ಸಾಯುತ್ತಿರುವ ಕೂಸನ್ನು ಎತ್ತಿ ಹಿಡಿಯಲೂ ಬಗ್ಗಿಯೇ ನಿಂತಿದ್ದಳು. ಇನ್ನು ಯಾವ ಕಾಗದಕ್ಕೆ ಬಗ್ಗಬೇಕು?

ಅವಳು ಕೊಡವನ್ನು ಸೊಂಟದ ಮೇಲೆ ಸರಿಮಾಡಿಕೊಂಡಳು. ಬೋರ್ಡಿನ ಕೆಳಗಿನ ಮನೆಯ ಚಿಲಕ ತೆಗೆದಳು. ಹೊಸ್ತಿಲು ದಾಟಿ ಒಳಗೆ ಹೋದಳು.

"ಏ! ಏ! ಎಲ್ಲಿ ಹೊಂಟಿಬೇ! ಹೊರಗ ಬಾ!" ಗುರುಸಂಗಪ್ಪ ಧೋತರ ಎತ್ತಿಕೊಂಡು ಓಡಿಬಂದ. ಬಾಗಿಲಲ್ಲಿ ನಿಂತ. ಎರ್ರೆಮ್ಮ ಗಾರೆ ನೆಲದ ನಟ್ಟನಡುವೆ ಚಾಪೆ ಹಾಸಿ ಕೂತಿದ್ದಳು. ಎಳೆದು ಹೊರಗೆ ಹಾಕಬೇಕಾದರೆ ರಟ್ಟೆ ಹಿಡಿಯಬೇಕು. ಹಿಡಿಯಬೇಕಾದರೆ ಮುಟ್ಟಬೇಕು. ಅವನು ಎರಡೂ ಕೈ ಮುಂದೆ ಚಾಚಿದ, ಹಾಗೇ ಹಿಂದಕ್ಕೆ ಎಳೆದುಕೊಂಡ. ಮತ್ತೆ ಚಾಚಿದ. "ಕೊಟ್ರಾ! ಬಾರಲೇ ಇಲ್ಲಿ!" ಎಂದು ಕೂಗಿದ. ಕೊಟ್ರಸ್ವಾಮಿಯೂ ಬಂದ. ಅವನೂ ಕೈ ಚಾಚಿ ನಿಂತ. ಇಬ್ಬರೂ ಬಾಗಿಲಲ್ಲಿ ಗಾಳಿಯನ್ನು ಹಿಡಿದೆಳೆಯುವವರ ಹಾಗೆ ಕಾಣುತ್ತಿದ್ದರು. ಓಣಿಯಲ್ಲಿ ಯಾರೋ ಕಿಸಕ್ಕೆಂದರು.

"ಪೊಲೀಸ್ರನ್ನ ಕರೀರಿ!" ಎಂದು ಕಲ್ಯಾಣಮ್ಮ ಕಿರುಚಿದಳು.

"ಕರೀರಿ," ಎಂದಳು ಎರ್ರೆಮ್ಮ ಒಳಗಿನಿಂದ. ಅವಳ ದನಿ ಏರಲಿಲ್ಲ. "ನನಗ ಯಾಕ ಮನಿ ಕೊಡಾಂಗಿಲ್ಲ ಅಂತ ಅವರು ಕೇಳ್ತಾರ. ಈಗ ನುಂಗಿದ್ರಲ್ಲ, ಆ ಮಾತು ಅವರ ಮುಂದ ಹೇಳ್ರಿ. ನಾನೂ ಕೇಳಬೇಕು. ಅಲ್ಲೀಮಟ ನಾನು ಏಳಾಂಗಿಲ್ಲ. ಎಳದು ಹಾಕೋರಿದ್ರ ಬರ್ರಿ, ನನ್ನ ಮೈ ಮುಟ್ಟರಿ."

ಯಾರೂ ಬರಲಿಲ್ಲ.

"ಸಾಹೇಬ್ರ, ಇಲ್ಲಿ ಖಾಲಿ ಮನಿ ಎಷ್ಟು ಅಂತ ಬರ್ದೀರಿ?"

ಪ್ರವೀಣಕುಮಾರ್ ಬಾಗಿಲ ಹತ್ತಿರ ಬಂದು ಹಾಳೆ ತಿರುವಿದ. "ನಾಲ್ಕು."

"ತಪ್ಪೈತಿ. ಇದರಾಗ ನಾನದೀನಿ."

ಅವನು ಒಳಗೆ ನೋಡಿದ. ಚಾಪೆ, ಕೊಡ, ಹೆಂಗಸು. ನಿಯಮದ ಪುಸ್ತಕದಲ್ಲಿ ಖಾಲಿ ಮನೆ ಎಂದರೆ ಒಳಗೆ ಯಾರೂ ಇಲ್ಲದ ಮನೆ ಎಂದಷ್ಟೇ ಇತ್ತು. ಬೇರೇನೂ ಇರಲಿಲ್ಲ. ಅವನು ನಾಲ್ಕನ್ನು ಹೊಡೆದು ಮೂರು ಎಂದು ಬರೆದ.

"ಏನ್ ಬರೀತೀಯಪ್ಪ ನೀನು!" ಎಂದು ಗುರುಸಂಗಪ್ಪ ಅರಚಿದ.

"ಇದ್ದದ್ದನ್ನ ಸಾರ್," ಎಂದ ಪ್ರವೀಣಕುಮಾರ್.

ಜೋಗಮ್ಮ ಪಕ್ಕದ ಮನೆಯ ಮೆಟ್ಟಿಲು ಹತ್ತಿ, ಚಿಲಕಕ್ಕೆ ಕೈ ಹಾಕಿ, ಸಾಹೇಬನ ಕಡೆ ತಿರುಗಿ ನಿಂತಳು.

"ಬರ್ಕೋಳ್ರಿ," ಎಂದಳು.

ಅವನು ಮೂರನ್ನೂ ಹೊಡೆದು ಎರಡು ಎಂದು ಬರೆದ.